ಸತ್ತ ಪಟ್ಟಿಗೆ ಹೊಲಿಗೆಯಿಲ್ಲ

ಅನ್ಫೂಶಿಯ ದೋಣಿ ಕಟ್ಟುವ ಅಂಗಳಗಳ ಹಿಂದಿನ ಓಣಿಯಲ್ಲಿ ಇನ್ಸಾಫಳ ಅಂಗಡಿ ಹುಡುಕುವುದು ಕಷ್ಟವಿರಲಿಲ್ಲ. ಮೀನಿನ ವಾಸನೆ ಮುಗಿದು ಮೇಣದ ವಾಸನೆ ಶುರುವಾಗುವ ಕಡೆ, ಒಳಗಿನಿಂದ ಯಾರನ್ನೋ ಬೈಯುವ ದನಿ ಕೇಳಿಸಿದರೆ ಅದೇ ಅಂಗಡಿ. ಬೈಗುಳ ಸಿಕ್ಕುಬಿದ್ದ ದಾರಕ್ಕಿರಬಹುದು, ಮೊಂಡಾದ ಸೂಜಿಗಿರಬಹುದು, ಕಾಫಿ ಅಂಗಡಿಯಿಂದ ಊಟಕ್ಕೆ ಇನ್ನೂ ಬಾರದ ಗಂಡ ಹಿಲ್ಮಿಗಿರಬಹುದು. ಅವಳಿಗೆ ಕೋಪ ಮೂಗಿನ ತುದಿಯಲ್ಲೇ. ಆದರೆ ಅಲೆಕ್ಸಾಂಡ್ರಿಯಾದ ಇಡೀ ಕಡಲ ದಂಡೆಯಲ್ಲಿ ಅವಳಷ್ಟು ಗಟ್ಟಿಯಾಗಿ ಹೊಲಿಯುವ ಕೈ ಇನ್ನೊಂದಿಲ್ಲ ಎಂಬುದನ್ನು ಅವಳನ್ನು ಕಂಡರಾಗದವರೂ ಒಪ್ಪುತ್ತಿದ್ದರು.

ಅವಳ ಅಪ್ಪ ದರ್ವೀಶ್ ಹಾಯಿ ಹೊಲಿಯುವವನು. ಗಂಡುಮಕ್ಕಳಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಇನ್ಸಾಫಳ ಅಂಗೈ ಅಗಲ ಎಂಬ ಒಂದೇ ಕಾರಣಕ್ಕೆ ಅವಳನ್ನು ಸ್ಕೂಲು ಬಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡ. ಅಂಗೈಗೆ ತೊಗಲಿನ ಪಟ್ಟೆ ಕಟ್ಟಿ, ಬೆರಳುದ್ದದ ಸೂಜಿ ಕೊಟ್ಟು, ಹಲಗೆಯಂತಹ ಕ್ಯಾನ್ವಾಸಿನೊಳಗೆ ಅದನ್ನು ತೂರಿಸುವುದನ್ನು ಕಲಿಸಿದ. ತೇಪೆ ಹಾಕಿದ ಜಾಗ ಬಟ್ಟೆಗಿಂತ ಗಟ್ಟಿಯಾಗಿರಬೇಕು ಎಂಬುದು ಅವನ ಮಾತು. ಬಿರುಗಾಳಿಗೆ ಬಟ್ಟೆ ಹರಿದರೆ ದೇವರಿಚ್ಛೆ, ಹೊಲಿಗೆ ಬಿಚ್ಚಿದರೆ ನಿನ್ನ ಸೋಮಾರಿತನ ಎನ್ನುತ್ತಿದ್ದ. ಅವನು ಸಾಯುವ ಹೊತ್ತಿಗೆ ದೋಣಿಗಳಿಗೆಲ್ಲ ಮೋಟಾರು ಬಂದು ಹಾಯಿಗಳು ಗೋದಾಮು ಸೇರಿದ್ದವು. ಇನ್ಸಾಫ್ ಕಾಫಿ ಅಂಗಡಿಗಳ ಮುಂದಿನ ಮೇಲ್ಕಟ್ಟು, ಬೀಚಿನ ಕೊಡೆ, ಲಾರಿಗಳ ತಾಡಪಾಲು ಹೊಲಿದು ಬದುಕಿದಳು. ಪಳಗಿದ ಕಸುಬುದಾರರನ್ನು ಕರೆಯುವ ಹಾಗೆ ಜನ ಅವಳನ್ನು 'ಉಸ್ತಾ' ಎಂದು ಕರೆಯತೊಡಗಿದರು. ಮೊದಮೊದಲು ಅದು ಹೆಂಗಸಿಗೆ ಮಾಡುವ ತಮಾಷೆಯಾಗಿತ್ತು, ಆಮೇಲೆ ಅದೇ ರೂಢಿಯಾಯಿತು.

ಸೇಫ್ಟಿ ಬೆಲ್ಟುಗಳನ್ನು ಅವಳ ಬಳಿಗೆ ತಂದವನು ಮೇಸ್ತ್ರಿ ಗುನೇಮ್. ಕಡಲ ರಸ್ತೆಯ ಎತ್ತರದ ಕಟ್ಟಡಗಳಿಗೆ ಬಣ್ಣ ಹೊಡೆಯುವ ಒಂದು ಕಂಪನಿಯಲ್ಲಿ ಅವನು ಆಳುಗಳ ಮೇಲ್ವಿಚಾರಕ. ಉಪ್ಪುಗಾಳಿ ಆ ಗೋಡೆಗಳ ಬಣ್ಣವನ್ನು ಸುಲಿದುಹಾಕುತ್ತಲೇ ಇರುವುದರಿಂದ ಅವರ ಕೆಲಸಕ್ಕೆ ಕೊನೆಯಿಲ್ಲ. ಮೇಲ್ಛಾವಣಿಯಿಂದ ಹಗ್ಗದಲ್ಲಿ ಇಳಿಬಿಟ್ಟ ತೂಗುಹಲಗೆಯ ಮೇಲೆ ನಿಂತು ಬಣ್ಣ ಹೊಡೆಯುವವರು ಹೆಗಲು, ಎದೆ, ತೊಡೆ ಸುತ್ತುವ ಪಟ್ಟಿಗಳ ಬೆಲ್ಟು ತೊಟ್ಟು, ಬೆನ್ನಿನ ಉಕ್ಕಿನ ಉಂಗುರದಿಂದ ಇನ್ನೊಂದು ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ಹಲಗೆ ಜಾರಿದರೆ ಆ ಬೆಲ್ಟೇ ಗತಿ. ಗುನೇಮ್ ತಂದ ಮೊದಲ ಬೆಲ್ಟಿನಲ್ಲಿ ತೊಡೆಯ ಪಟ್ಟಿಯ ಹೊಲಿಗೆ ಸವೆದು ಬಿಚ್ಚಿತ್ತು. ಇನ್ಸಾಫ್ ಮೇಣ ಹಚ್ಚಿದ ದಾರದಲ್ಲಿ ಅದನ್ನು ಎರಡು ಸುತ್ತು ಹೊಲಿದು ಕೊಟ್ಟಳು. ಅವನು ಎರಡೂ ಕೈಯಲ್ಲಿ ಜಗ್ಗಿ ನೋಡಿ, ಇನ್ನು ಇದರಲ್ಲಿ ಹಡಗನ್ನೇ ಎಳೆಯಬಹುದು ಎಂದ. ಅವಳಿಗೆ ಹೊಟ್ಟೆ ತುಂಬಿದಂತಾಯಿತು.

ಅಲ್ಲಿಂದ ವರ್ಷಗಟ್ಟಲೆ ಗುನೇಮನ ಬೆಲ್ಟುಗಳೆಲ್ಲ ಅವಳ ಕೈಯಲ್ಲೇ ಹಾದುಹೋದವು. ನೀಲಿಯಾಗಿ ಬಂದವು ಬೂದಿ ಬಣ್ಣಕ್ಕೆ ತಿರುಗಿ ಮತ್ತೆ ಮತ್ತೆ ಬಂದವು. ಕೆಲಸಗಾರರಿಗೆ ಹಳೆಯ ಬೆಲ್ಟೇ ಇಷ್ಟ. ಹೊಸದು ತೊಡೆ ಕಚ್ಚುತ್ತದೆ, ಹಳೆಯದು ಮೆತ್ತಗಾಗಿ ಮೈಗೆ ಒಗ್ಗಿರುತ್ತದೆ ಎನ್ನುತ್ತಿದ್ದರು. ಅವರಲ್ಲಿ ಮುರ್ಸಿ ಎಂಬ ಉದ್ದನೆಯ ಮೀಸೆಯವನಂತೂ ತನ್ನ ಬೆಲ್ಟನ್ನು ಬೇರೆಯವರಿಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಅದರ ಮೇಲೆ ಇನ್ಸಾಫಳ ತೇಪೆ ಎಷ್ಟಿತ್ತೆಂದರೆ ಮೂಲ ಹೊಲಿಗೆ ಎಲ್ಲಿದೆ ಎಂದು ಅವಳೇ ಹುಡುಕಬೇಕಿತ್ತು.

ಹೀಗಿರುವಾಗ ಕಂಪನಿಗೆ ವಜ್ದಿ ಎಂಬ ಹೊಸ ಇಂಜಿನಿಯರ್ ಬಂದ. ಸಣಕಲು ಆಳು, ನಾಲ್ಕು ಹೆಜ್ಜೆ ನಡೆದರೆ ಬೆವರುವವನು. ಒಂದು ದಿನ ಅವನು ಅವಳೇ ಹೊಲಿದ ಬೆಲ್ಟುಗಳನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಬಂದು, ಇನ್ನು ಮುಂದೆ ಇವುಗಳನ್ನು ಹೊಲಿಯಬೇಡಿ ಎಂದು ಕೇಳಿಕೊಂಡ. ಇನ್ಸಾಫ್ ಸೂಜಿ ಕೆಳಗಿಟ್ಟಳು.

"ನನ್ನ ಹೊಲಿಗೇಲಿ ಏನಪ್ಪಾ ತಪ್ಪು ಕಂಡೆ ನೀನು?"

"ಹೊಲಿಗೇಲಿ ತಪ್ಪಿಲ್ಲ, ಉಸ್ತಾ. ಅದೇ ತೊಂದ್ರೆ. ನಿಮ್ಮ ಹೊಲಿಗೆ ನೋಡಿ ಇಡೀ ಬೆಲ್ಟೇ ಗಟ್ಟಿಯಾಗಿದೆ ಅಂತ ನಂಬ್ತಾರೆ."

ಅವಳಿಗೆ ರೇಗಿತು. ತಾನು ಹೊಲಿದದ್ದು ಎಂದೂ ಬಿಚ್ಚಿಲ್ಲ, ಬೇಕಾದರೆ ಪರೀಕ್ಷೆ ಮಾಡು ಎಂದಳು. ಪರೀಕ್ಷೆ ಮಾಡಿಯೇ ತೋರಿಸುತ್ತೇನೆ, ಬನ್ನಿ ಎಂದು ಅವನು ಅವಳನ್ನು ಸೀದಿ ಬಿಶ್ರ್‌ನಲ್ಲಿ ಕಟ್ಟುತ್ತಿದ್ದ ಒಂದು ಕಟ್ಟಡಕ್ಕೆ ಕರೆದೊಯ್ದ. ಹಿಲ್ಮಿಯೂ ತಮಾಷೆ ನೋಡಲು ಹಿಂದೆ ಬಂದ. ಟ್ರಾಮ್ ಓಡಿಸಿ ನಿವೃತ್ತನಾದ ಅವನಿಗೆ ಊರಿನಲ್ಲಿ ಯಾರ ಜಗಳವೂ ತಪ್ಪಿಹೋಗಬಾರದು. ಮಹಡಿಯ ತೊಲೆಗೆ ಹಗ್ಗ ಕಟ್ಟಿ, ಒಬ್ಬ ಆಳಿನ ತೂಕದ ಮರಳು ಮೂಟೆಗೆ ಅವಳು ಹಿಂದಿನ ವಾರವಷ್ಟೇ ಹೊಲಿದ ಬೆಲ್ಟನ್ನು ತೊಡಿಸಿದ್ದರು. ಇನ್ಸಾಫ್ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. ಮೂಟೆಯನ್ನು ಅಂಚಿನಿಂದ ತಳ್ಳಿದರು.

ಬಟ್ಟೆ ಹರಿಯುವಾಗ ದನಿಯಾಗುತ್ತದೆ, ಆ ದನಿ ಅವಳಿಗೆ ಹುಟ್ಟಿನಿಂದ ಗೊತ್ತು. ಇದಕ್ಕೆ ಆ ದನಿ ಇರಲಿಲ್ಲ. ಒಣ ರೊಟ್ಟಿ ಮುರಿದ ಹಾಗೆ ಒಂದು ಸಣ್ಣ ಸದ್ದು, ಆಮೇಲೆ ಮೂಟೆ ನೆಲಕ್ಕೆ ಬಿದ್ದು ಒಡೆಯಿತು. ಅವಳು ಓಡಿಹೋಗಿ ಬೆಲ್ಟನ್ನು ಎತ್ತಿಕೊಂಡಳು. ಅವಳ ಹೊಲಿಗೆ ಇದ್ದ ಹಾಗೇ ಇತ್ತು, ಒಂದು ಎಳೆ ಅಲುಗಿರಲಿಲ್ಲ. ಅದರ ಪಕ್ಕದಲ್ಲೇ ಪಟ್ಟಿ ತುಂಡಾಗಿತ್ತು. ಮುರಿದ ತುದಿಯನ್ನು ಉಜ್ಜಿದರೆ ಬೆರಳಿಗೆ ಬೂದಿಯಂತಹ ಪುಡಿ ಹತ್ತಿತು.

ವಜ್ದಿ ಗೆದ್ದವನಂತೆ ಮಾತಾಡಲಿಲ್ಲ. ಬಿಸಿಲು ಈ ನೂಲನ್ನು ಒಳಗಿನಿಂದಲೇ ಸುಡುತ್ತದೆ, ಉಪ್ಪಿನ ಹರಳು ಅದರೊಳಗೆ ಕೂತು ಗರಗಸದ ಹಾಗೆ ಕೊಯ್ಯುತ್ತದೆ, ಬಣ್ಣ ತೊಳೆಯಲು ಹಾಕುವ ಎಣ್ಣೆ ಉಳಿದದ್ದನ್ನು ತಿನ್ನುತ್ತದೆ ಎಂದು ಮೆಲ್ಲನೆ ವಿವರಿಸಿದ. ಸೂಜಿ ಹಾಕಿದ ಪ್ರತಿ ತೂತೂ ಸತ್ತ ನೂಲಿಗೆ ಇನ್ನೊಂದು ಗಾಯ ಎಂದ. ಹೊಸ ಬಗೆಯ ಬೆಲ್ಟುಗಳಲ್ಲಿ ಹಗ್ಗಕ್ಕೆ ಸಿಕ್ಕಿಸುವ ಬಾಲದಲ್ಲಿ ಮಡಚಿ ಹೊಲಿದ ಒಂದು ಪಟ್ಟಿ ಇರುತ್ತದೆ, ಬಿದ್ದಾಗ ಆ ಹೊಲಿಗೆ ಬಿಚ್ಚುತ್ತಾ ಹೋಗಿ ಏಟಿನ ರಭಸ ತಗ್ಗಿಸುತ್ತದೆ, ಬಿಚ್ಚಲೆಂದೇ ಹಾಕಿದ ಹೊಲಿಗೆ ಅದು ಎಂದೂ ಹೇಳಿದ. ಒಮ್ಮೆ ಆಳನ್ನು ಹಿಡಿದ ಬೆಲ್ಟು ಹೊಸದೇ ಆಗಿರಲಿ, ಮತ್ತೆ ತೊಡಬಾರದಂತೆ. ಬಿಚ್ಚಲೆಂದು ಹೊಲಿಯುವ ಹೊಲಿಗೆಯ ಮಾತನ್ನು ಇನ್ಸಾಫ್ ಜೀವನದಲ್ಲೇ ಕೇಳಿರಲಿಲ್ಲ.

ಹಿಂತಿರುಗುವಾಗ ಟ್ರಾಮಿನಲ್ಲಿ ಹಿಲ್ಮಿ ಸಮಾಧಾನಕ್ಕೆಂದು, ನಿನ್ನ ಹೊಲಿಗೆ ಬಿಚ್ಚಲಿಲ್ಲವಲ್ಲ, ಬಟ್ಟೆ ತಾನೆ ಹರಿದದ್ದು ಎಂದ. ಅವಳ ಅಪ್ಪನ ಲೆಕ್ಕದಲ್ಲಿ ಅದು ಸರಿಯೇ. ಆದರೆ ಆ ಲೆಕ್ಕ ಅವಳಿಗೆ ಅಂದು ರುಚಿಸಲಿಲ್ಲ. ಹತ್ತಿಯ ಹಾಯಿ ಸಾಯುವಾಗ ಹೇಳಿಯೇ ಸಾಯುತ್ತದೆ. ಕಪ್ಪಾಗುತ್ತದೆ, ನಾರುತ್ತದೆ, ಮಡಿಕೆಯಲ್ಲಿ ಸೀಳುತ್ತದೆ. ಈ ಪಟ್ಟಿ ಮಾತ್ರ ಕೊನೆಯವರೆಗೂ ಚೆನ್ನಾಗಿದ್ದೇನೆ ಎಂದು ಸುಳ್ಳು ಹೇಳುತ್ತಿತ್ತು, ತಾನೂ ಇಷ್ಟು ವರ್ಷ ಆ ಸುಳ್ಳಿಗೆ ಅಂಚು ಕಟ್ಟಿ ಕೊಡುತ್ತಿದ್ದೆ ಎಂದು ಅವಳಿಗೆ ಅನ್ನಿಸಿತು. ಮಾರನೆಯ ದಿನದಿಂದ ಬೆಲ್ಟು ಹೊಲಿಯುವುದಿಲ್ಲ ಎಂದು ನಿಲ್ಲಿಸಿಬಿಟ್ಟಳು.

ನಿಲ್ಲಿಸುವುದು ಸುಲಭವಾಯಿತು, ಯಾಕೆಂದು ಇನ್ನೊಬ್ಬರಿಗೆ ತಿಳಿಸುವುದು ಆಗಲಿಲ್ಲ. ಗುನೇಮ್ ಬಂದು ಕೂತು, ಚಹಾ ಕುಡಿದು, ಎಲ್ಲವನ್ನೂ ಕೇಳಿಸಿಕೊಂಡು, ಹಾಗಾದರೆ ಸಂಜೆಯೊಳಗೆ ಎರಡಾದರೂ ಮುಗಿಸಿಕೊಡು ಎಂದ. ಅವಳು ಮತ್ತೆ ಮೊದಲಿನಿಂದ ಹೇಳಿದಳು. ಅವನು ಪಟ್ಟಿಯನ್ನು ಹಿಡಿದು ಜಗ್ಗಿ, ಎಲ್ಲಿ ಸತ್ತಿದೆ ತೋರಿಸು ಎಂದ. ಅವಳು ಅಂಚನ್ನು ಉಗುರಿನಲ್ಲಿ ಕೆರೆದು ಪುಡಿ ಉದುರಿಸಿ ತೋರಿಸಿದರೆ ಅದು ಧೂಳು ಎಂದ. ಪಟ್ಟಿಯನ್ನು ಬಗ್ಗಿಸಿ, ಬಿರುಕುಬಿಟ್ಟ ಎಳೆಗಳನ್ನು ಕಿತ್ತು ತೋರಿಸಿದರೆ, ದೋಣಿಯವರಂತಹ ಕೈ ನಿನ್ನದು, ನೀನು ಕಿತ್ತರೆ ಕಬ್ಬಿಣವೂ ಬರುತ್ತದೆ ಎಂದು ನಕ್ಕ. ಗೋಡೆಯ ಮುಂದೆ ಹೇಳಿಕೊಂಡಿದ್ದರೆ ಗೋಡೆಯಾದರೂ ಸುಮ್ಮನೆ ಕೇಳುತ್ತಿತ್ತು.

ಕಂಪನಿಯ ಯಜಮಾನನಿಗೆ ವಜ್ದಿ ಹೇಳಿ ಹೇಳಿ ಸೋತ. ಮುಂದಿನ ಹಂಗಾಮಿಗೆ ನೋಡೋಣ ಎಂಬ ಒಂದೇ ಉತ್ತರ ಬರುತ್ತಿತ್ತು. ಕೊನೆಗೆ ಅವನು ಪೋರ್ಟ್ ಸಯೀದ್‌ನಲ್ಲಿ ಬೇರೆ ಕೆಲಸ ಹಿಡಿದು ಹೊರಟ. ಹೊರಡುವ ಮುನ್ನ ಅಂಗಡಿಗೆ ಬಂದು ಕ್ಷಮೆ ಕೇಳಿದ. ಹೊಲಿಯುವುದು ನಿಲ್ಲಿಸಿದ್ದಕ್ಕೆ ಇಷ್ಟು ಬೈಗುಳ ತಿನ್ನುತ್ತಿದ್ದೇನೆ, ನೀನು ಇಲ್ಲೇ ಇದ್ದರೆ ಅರ್ಧ ನಿನಗೆ ಬರುತ್ತಿತ್ತು ಎಂದು ಇನ್ಸಾಫ್ ಅವನನ್ನೂ ಬೈದೇ ಕಳಿಸಿದಳು.

ಅವನು ಹೋದ ಮೇಲೆ ಆ ಮಾತು ಹೇಳುವವಳು ಊರಿನಲ್ಲಿ ಅವಳೊಬ್ಬಳೇ ಆದಳು. ಉಸ್ತಾಗೆ ವಯಸ್ಸಾಯಿತು, ಕೈ ನಡುಗುತ್ತದೆ, ಅದಕ್ಕೇ ಬೆಲ್ಟಿನ ಮೇಲೆ ಗೂಬೆ ಕೂರಿಸುತ್ತಾಳೆ ಎಂದು ಮುರ್ಸಿ ಕಾಫಿ ಅಂಗಡಿಯಲ್ಲಿ ಆಡಿಕೊಂಡನಂತೆ. ಹಿಲ್ಮಿ ಅದನ್ನು ಮನೆಗೆ ತಂದು ಒಪ್ಪಿಸಿದ. ಅವಳು ಆ ಇಡೀ ಮಧ್ಯಾಹ್ನ ಒಂದು ಮೇಲ್ಕಟ್ಟಿನ ಅಂಚನ್ನು ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು. ಕೈ ನಡುಗುತ್ತಿರಲಿಲ್ಲ. ನಡುಗುತ್ತಿಲ್ಲ ಎಂದು ಯಾರಿಗೆ ತೋರಿಸುವುದು ಎಂದು ಇನ್ನಷ್ಟು ಉರಿಯಿತು.

ಬೆಲ್ಟುಗಳು ಹೊಲಿಗೆ ಕಾಣದೆ ಉಳಿಯಲಿಲ್ಲ. ಶುಕ್ರವಾರದ ಸಂತೆಯಲ್ಲಿ ಚಪ್ಪಲಿ ರಿಪೇರಿ ಮಾಡುವ ಮುದುಕನೊಬ್ಬ ಹೊಲಿದುಕೊಡುತ್ತಾನೆ ಎಂದು ಅವಳಿಗೆ ಗೊತ್ತಾಯಿತು. ಹೋಗಿ ನೋಡಿದಳು. ಹಳೆಯ ಬೂಟುಗಳ ರಾಶಿಯ ನಡುವೆ ಮುರ್ಸಿಯ ಬೆಲ್ಟು ಬಿದ್ದಿತ್ತು. ಅವಳ ತೇಪೆಗಳ ಮೇಲೆ ಮುದುಕ ಚಪ್ಪಲಿಯ ಕರಿ ದಾರದಲ್ಲಿ ಇನ್ನೊಂದು ಸಾಲು ಎಳೆದಿದ್ದ. ಅವಳು ಅಲ್ಲೇ ಜಗಳಕ್ಕೆ ನಿಂತಳು. ಇದು ಚಪ್ಪಲಿಯಲ್ಲ, ಇದರಲ್ಲಿ ಒಬ್ಬ ಮನುಷ್ಯ ನೇತಾಡುತ್ತಾನೆ ಎಂದಳು. ಮುದುಕ ತಲೆಯೆತ್ತದೆ ದಾರ ಕಚ್ಚಿ ತುಂಡುಮಾಡಿದ.

"ನಾ ಹೊಲೀದಿದ್ರೆ ಪಕ್ಕದವ್ನು ಹೊಲೀತಾನೆ ತಾಯಿ. ಅವ್ನು ಹೊಲೀದಿದ್ರೆ ಅವ್ರೇ ತಂತಿ ಕಟ್ಕೋತಾರೆ. ನಂದಾದ್ರೂ ದಪ್ಪ ದಾರ."

ಎರಡು ವರ್ಷ ಹಿಂದೆ ಯಾರಾದರೂ ಕೇಳಿದ್ದರೆ ತಾನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದೆ ಎಂದು ಗೊತ್ತಿದ್ದುದರಿಂದ ಸಿಟ್ಟು ಇಮ್ಮಡಿಯಾಯಿತು. ಬರುವಾಗ ಮೀನು ಮಾರುವವನ ಮೇಲೂ ಹರಿಹಾಯ್ದಳು.

ನವೆಂಬರಿನ ಪೊರಕೆ ಬಿರುಗಾಳಿ ಬರುವ ಕಾಲ ಹತ್ತಿರವಾಯಿತು. ಬೀದಿಗಳನ್ನೆಲ್ಲ ಗುಡಿಸಿ ಹಾಕುವುದರಿಂದ ಆ ಹೆಸರು. ಗುನೇಮನ ಆಳುಗಳು ಗ್ಲೀಮ್ ಬಳಿ ಒಂದು ದೊಡ್ಡ ಕಟ್ಟಡ ಹಿಡಿದಿದ್ದರು, ಗಾಳಿ ಏಳುವುದರೊಳಗೆ ಮುಗಿಸಲೇಬೇಕಿತ್ತು. ಅದೇ ಹೊತ್ತಿಗೆ ಚಪ್ಪಲಿಯ ಮುದುಕ ಕಾಯಿಲೆ ಬಿದ್ದ. ಗುನೇಮ್ ಮತ್ತೆ ಇನ್ಸಾಫಳ ಬಾಗಿಲಿಗೆ ಬಂದ. ಈ ಸಲ ತಮಾಷೆಯಿಲ್ಲ, ಕೈಮುಗಿಯುವುದೊಂದು ಬಾಕಿ. ಅವಳು ಕೈಯಲ್ಲಿದ್ದ ದಾರಕ್ಕೆ ಗಂಟು ಹಾಕಿ ಮುಗಿಸಿ, ಆಯಿತು, ಇರುವುದನ್ನೆಲ್ಲ ಒಟ್ಟಿಗೇ ತಂದು ಹಾಕು ಎಂದಳು. ಅವನು ಅರ್ಧ ತಾಸಿನಲ್ಲಿ ಗೋಣಿಚೀಲ ತುಂಬ ತಂದು ಸುರಿದು, ಅವಳ ಕೈಗೆ ಆಯುಸ್ಸು ಹಾರೈಸಿ ಹೋದ.

ಅವಳು ಅವನ್ನು ಒಂದೊಂದಾಗಿ ನೋಡಿದಳು. ಮೋಸ ಮಾಡುತ್ತಿದ್ದೇನೆಂಬ ಅಳುಕಿತ್ತು, ಅದಕ್ಕೇ ಒಂದನ್ನಾದರೂ ಉಳಿಸೋಣವೆಂದು ಹುಡುಕಿದಳು. ಒಂದರ ತೊಡೆಪಟ್ಟಿ ಬಣ್ಣ ಕುಡಿದು ಕಟ್ಟಿಗೆಯಂತೆ ಬಿರುಸಾಗಿತ್ತು. ಒಂದರ ಹೆಗಲು ಗೋಡೆಯ ಅಂಚಿಗೆ ಉಜ್ಜಿ ಕೂದಲೆದ್ದಿತ್ತು. ಇನ್ನೊಂದರ ಕೊಕ್ಕೆಯ ಬಾಯಿ ತುಕ್ಕು ಹಿಡಿದು ಮುಚ್ಚುತ್ತಲೇ ಇರಲಿಲ್ಲ, ಅದಕ್ಕೆ ಯಾರೋ ದಾರ ಸುತ್ತಿದ್ದರು. ಮುರ್ಸಿಯದನ್ನು ಕೊನೆಗೆ ಎತ್ತಿಕೊಂಡಳು. ಆಮೇಲೆ ಹಾಯಿ ಕತ್ತರಿಸುವ ದೊಡ್ಡ ಕತ್ತರಿ ತೆಗೆದು, ಹೆಗಲಲ್ಲಿ ಒಂದು, ಎದೆಯಲ್ಲಿ ಒಂದು, ತೊಡೆಗೊಂದರಂತೆ, ಮತ್ತೆ ಯಾರೂ ಜೋಡಿಸಲಾರದ ಹಾಗೆ ಎಲ್ಲವನ್ನೂ ಕತ್ತರಿಸಿ ಅದೇ ಗೋಣಿಚೀಲಕ್ಕೆ ತುಂಬಿಟ್ಟಳು. ಬಾಗಿಲಿಗೆ ಬಂದ ಹಿಲ್ಮಿ ಅದನ್ನು ನೋಡಿ, ನಾನು ತಂಗಿಯ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದ. ಹೋಗಲಿಲ್ಲ, ಪಾಪ. ಬೆಳಿಗ್ಗೆ ಆಳುಗಳು ಬಂದಾಗ ಅವಳ ಹಿಂದೆಯೇ ನಿಂತಿದ್ದ.

ಗುನೇಮ್ ಚೀಲದೊಳಗೆ ಕೈ ಹಾಕಿ ಒಂದು ತುಂಡು ಎತ್ತಿದ. ಇನ್ನೊಂದು ಎತ್ತಿದ.

"ಏನು ಮಾಡ್ಬಿಟ್ಟೆ ಉಸ್ತಾ? ಹುಚ್ಚು ಗಿಚ್ಚು ಹಿಡೀತಾ?"

"ಕೆಟ್ಟಿದ್ವು. ಕತ್ತರಿಸ್ದೆ."

"ಯಾರಪ್ಪಂದು ಅಂತ ಕತ್ತರಿಸ್ದೆ?"

"ನಿಮ್ಮ ಯಜಮಾನ್ರದು. ಪೊಲೀಸ್ ಸ್ಟೇಷನ್ನಿಗೆ ಕರ್ಕೊಂಡು ಹೋಗು, ಬರ್ತೀನಿ. ಅಲ್ಲೂ ಇದನ್ನೇ ಹೇಳ್ತೀನಿ."

ಮುರ್ಸಿ ಚೀಲವನ್ನು ಬೋರಲು ಹಾಕಿ ತನ್ನ ಬೆಲ್ಟಿನ ತುಂಡುಗಳನ್ನು ಆರಿಸಿಕೊಂಡ. ಅವನು ಕಿರುಚಲಿಲ್ಲ. ಮದುವೆಗಿಂತ ಮುಂಚಿನಿಂದ ಇದು ನನ್ನ ಬೆನ್ನ ಮೇಲಿತ್ತು, ನಿನ್ನ ಕೈಯಿಂದಲೇ ಹೊಲಿಸಿ ಉಳಿಸಿಕೊಂಡಿದ್ದೆ, ನಿನ್ನ ಕೈಯೇ ಹೀಗೆ ಮಾಡಿತಲ್ಲ ಎಂದಷ್ಟೇ ಹೇಳಿದ. ಬೈದವರ ಮಾತು ಅವಳಿಗೆ ತಾಗಲಿಲ್ಲ, ಈ ಮಾತು ತಾಗಿತು. ಇನ್ನೊಮ್ಮೆ ವಿವರಿಸೋಣ ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಅವರು ಹೊರಟುಹೋಗಿದ್ದರು.

ಪೊಲೀಸರವರೆಗೆ ಹೋಗಲಿಲ್ಲ. ಕತ್ತರಿಸಿದ ಹೆಂಗಸು ಯಾಕೆ ಕತ್ತರಿಸಿದೆ ಎಂದು ಅಲ್ಲಿ ಹೇಳುತ್ತಾಳಲ್ಲ, ಅದು ಯಜಮಾನನಿಗೆ ಬೇಡವಾಗಿತ್ತು. ಗ್ಲೀಮಿನ ಕಟ್ಟಡದವರು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಬೇರೆ ದಾರಿಯಿಲ್ಲದೆ ಅವನು ಹೊಸ ಬೆಲ್ಟು ತರಿಸಿದ, ಬಾಲದಲ್ಲಿ ಮಡಚಿ ಹೊಲಿದ ಪಟ್ಟಿ ಇರುವಂಥವೇ ಬಂದವು. ಹಾಗೆ ನೋಡಿದರೆ ಇನ್ಸಾಫ್ ಗೆದ್ದಳು. ಆದರೆ ಗೆದ್ದಂತೆ ಅವಳಿಗೆ ಒಂದು ದಿನವೂ ಅನ್ನಿಸಲಿಲ್ಲ. ಕಂಪನಿಯಿಂದ ಬರುತ್ತಿದ್ದ ತಾಡಪಾಲಿನ ಕೆಲಸ ನಿಂತಿತು. ಗುನೇಮ್ ಓಣಿಯಲ್ಲಿ ಎದುರಾದರೆ ಇನ್ನೊಂದು ಮಗ್ಗುಲಿಗೆ ದಾಟುತ್ತಿದ್ದ. ಹೊಸ ಬೆಲ್ಟು ತೊಡೆ ಕಚ್ಚಿದಾಗಲೆಲ್ಲ ಆಳುಗಳು ಅವಳ ಹೆಸರು ಹಿಡಿದು ಶಪಿಸುತ್ತಾರೆ ಎಂದು ಹಿಲ್ಮಿ ವರದಿ ತರುತ್ತಿದ್ದ. ಕಾಫಿ ಅಂಗಡಿಯಲ್ಲಿ ಅವನು ಕೂತ ಕೂಡಲೇ ಯಾರಾದರೊಬ್ಬರು ತಮ್ಮ ಪ್ಯಾಂಟಿನ ಬೆಲ್ಟನ್ನು ಭದ್ರವಾಗಿ ಹಿಡಿದುಕೊಳ್ಳುತ್ತಿದ್ದರಂತೆ.

ಚಳಿಗಾಲ ಕಳೆಯಿತು. ವಸಂತದ ಬಿಸಿಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ, ಕಡಲ ರಸ್ತೆಯ ಕಟ್ಟಡವೊಂದರಲ್ಲಿ ಮುರ್ಸಿ ನಿಂತಿದ್ದ ತೂಗುಹಲಗೆಯ ಒಂದು ಹಗ್ಗ ಮೇಲಿನಿಂದ ಜಾರಿತು. ಹಲಗೆ ನೆಟ್ಟಗೆ ನಿಂತು ಬಣ್ಣದ ಡಬ್ಬಿಗಳು ಕೆಳಗಿನ ಕಾರಿನ ಮೇಲೆ ಬಿದ್ದವು. ಮುರ್ಸಿ ಡಬ್ಬಿಗಳ ಹಿಂದೆಯೇ ಹೋಗಬೇಕಿತ್ತು. ಬೆಲ್ಟು ಹಿಡಿಯಿತು. ಅವನು ಗೋಡೆಗೆ ಒಮ್ಮೆ ಬಡಿದು, ಯಾರದೋ ಬಾಲ್ಕನಿಯ ಮುಂದೆ ಒಣಹಾಕಿದ ಬಟ್ಟೆಗಳ ನಡುವೆ ನೇತಾಡಿದ. ಮನೆಯಾಕೆ ಮತ್ತು ಅವಳ ಅತ್ತೆ ಸೇರಿ ಅವನನ್ನು ಒಳಗೆ ಎಳೆದುಕೊಂಡರು. ತೊಡೆಗಳಲ್ಲಿ ರಕ್ತ ಹೆಪ್ಪುಗಟ್ಟಿ ನೀಲಿಯಾದದ್ದು, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಸುದ್ದಿ ಕೇಳಿದಾಗ ಇನ್ಸಾಫ್ ಕೂತಲ್ಲೇ ಅತ್ತಳು. ಈಗಲಾದರೂ ಇವರಿಗೆ ಅರ್ಥವಾಗುತ್ತದೆ ಎಂಬ ಆಸೆಯೂ ಆ ಅಳುವಿನಲ್ಲಿ ಇತ್ತು. ಆದರೆ ಮುರ್ಸಿ ಉಳಿದದ್ದು ಅವನ ಹೆಸರಿನವರೇ ಆದ ವಲಿ, ಬಂದರಿನ ಸಂತ ಅಬುಲ್ ಅಬ್ಬಾಸ್ ಮುರ್ಸಿಯವರ ಕೃಪೆಯಿಂದ ಎಂದು ಓಣಿಯಲ್ಲೆಲ್ಲ ಮಾತಾಯಿತು. ಅವನು ಕುಂಟುತ್ತಾ ಹೋಗಿ ಮಸೀದಿಯ ಮುಂದೆ ಬಡವರಿಗೆ ಮಾಂಸ, ಅನ್ನ ಹಂಚಿದ. ಗುನೇಮನೂ ಪಕ್ಕದಲ್ಲಿ ನಿಂತು ಬಡಿಸಿದ. ಬೆಲ್ಟಿನ ಹೆಸರನ್ನು ಯಾರೂ ಎತ್ತಲಿಲ್ಲ. ವಲಿಯ ಮೇಲೆ ಇನ್ಸಾಫಳಿಗೂ ಭಕ್ತಿ ಇತ್ತು. ಹಾಗೆಂದು ಆ ಬೆಲ್ಟನ್ನು ತರಿಸಲು ತಾನು ತಿಂದ ಬೈಗುಳಗಳಲ್ಲಿ ಒಂದನ್ನಾದರೂ ಇವರು ವಾಪಸು ತೆಗೆದುಕೊಂಡಿದ್ದರೆ ಸಂತರೇನೂ ಮುನಿಸಿಕೊಳ್ಳುತ್ತಿರಲಿಲ್ಲ ಎಂದು ಹಿಲ್ಮಿಯ ಬಳಿ ಗೊಣಗಿದಳು.

ಮುರ್ಸಿ ಅವಳ ಅಂಗಡಿಗೂ ಬಂದ. ಒಂದು ಕೈಯಲ್ಲಿ ಮುಚ್ಚಿದ ತಟ್ಟೆ, ಇನ್ನೊಂದು ಕೈಯಲ್ಲಿ ಚೀಲ. ಹರಕೆಯ ಅನ್ನ ಎಂದು ತಟ್ಟೆ ಮುಂದಿಟ್ಟ. ಅಷ್ಟು ತಿಂಗಳ ಮೇಲೆ ಅವನು ಮಾತಾಡಿದ್ದೇ ಅವಳಿಗೆ ಸಂತೋಷ. ಕೂರಿಸಿ ಚಹಾ ತರಿಸಿದಳು. ಅವನು ಚೀಲದಿಂದ ತನ್ನನ್ನು ಹಿಡಿದ ಬೆಲ್ಟನ್ನು ತೆಗೆದ. ಬಾಲದ ಮಡಿಕೆ ಪೂರ್ತಿ ಬಿಚ್ಚಿ, ಪಟ್ಟಿ ಕರುಳಿನ ಹಾಗೆ ಜೋತಾಡುತ್ತಿತ್ತು.

"ಇಲ್ಲಿ ಹೊಲಿಗೆ ಬಿಚ್ಕೊಂಡಿದೆ, ನೋಡಿ. ಮೊದ್ಲಿನ ಥರಾನೇ ಮಡಚಿ ಎರಡು ಸಾಲು ಹಾಕ್ಕೊಡಿ ಉಸ್ತಾ. ಬೇರೆಯವ್ರ ಕೈಗೆ ಕೊಡಕ್ಕೆ ಮನಸ್ಸು ಬರ್ಲಿಲ್ಲ."

ಇನ್ಸಾಫ್ ಚಹಾದ ಲೋಟವನ್ನು ಕೆಳಗಿಟ್ಟಳು. ಅದು ಬಿಚ್ಚಲೆಂದೇ ಹೊಲಿದದ್ದು, ತನ್ನ ಕೆಲಸ ಮಾಡಿ ಮುಗಿಸಿದೆ, ಒಳಗಿನ ಎಳೆಗಳೆಲ್ಲ ಹಿಗ್ಗಿಹೋಗಿರುತ್ತವೆ, ಇನ್ನೊಂದು ಸಲ ಹಿಡಿಯುವುದಿಲ್ಲ ಎಂದು, ವಜ್ದಿ ಹೇಳಿದ್ದನ್ನೆಲ್ಲ ಸಾಧ್ಯವಾದಷ್ಟು ಮೆತ್ತಗೆ ಹೇಳಿದಳು. ಮುರ್ಸಿ ತಲೆದೂಗುತ್ತಾ ಕೇಳಿದ. ಕೇಳಿ, ನನ್ನ ಜೀವ ಉಳಿಸಿದ ಬೆಲ್ಟು ಇದು, ಇದರಷ್ಟು ನಂಬಿಕೆಯದು ಇನ್ನೊಂದು ಎಲ್ಲಿದೆ ಎಂದ. ಇದಕ್ಕೆ ಸಂತರ ಕೈ ತಾಗಿದೆ. ಕೆಲಸಕ್ಕೆ ಇನ್ನು ಇದನ್ನೊಂದೇ ತೊಡುತ್ತೇನೆ, ಗುನೇಮ್ ಬೇರೆ ಕೊಡಲು ಬಂದರೂ ಬೇಡವೆಂದಿದ್ದೇನೆ.

"ಸಂತರ ಕೈ ತಾಗಿದ್ರೆ ಮನೇಲಿ ಗೋಡೆಗೆ ನೇತುಹಾಕು ಮಾರಾಯ. ದಿನಾ ಲೋಬಾನ ಹಾಕು. ಮೈಮೇಲೆ ಯಾಕೆ ಹಾಕ್ಕೋತೀಯ?"

"ಗೋಡೆ ಎಲ್ಲಾದ್ರೂ ಬೀಳತ್ತಾ ಉಸ್ತಾ? ಬೀಳೋನು ನಾನು."

ಅವಳಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಹಳೆಯದನ್ನು ಸವೆದಿದೆ ಎಂದರೆ ಒಗ್ಗಿದೆ ಎನ್ನುತ್ತಿದ್ದರು, ಈಗ ಹೊಸದನ್ನು ಸತ್ತಿದೆ ಎಂದರೆ ಪವಿತ್ರವಾಗಿದೆ ಎನ್ನುತ್ತಿದ್ದಾರೆ. ಆಯಿತು, ಬಿಟ್ಟು ಹೋಗು, ನೋಡುತ್ತೇನೆ ಎಂದಳು. ಮುರ್ಸಿ ಮೀಸೆಯಡಿಯಲ್ಲಿ ನಕ್ಕು, ನೀವು ನೋಡುವ ಪರಿ ನನಗೆ ಗೊತ್ತಿದೆ ಎಂದು ಬೆಲ್ಟನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟ. ಚಪ್ಪಲಿಯ ಮುದುಕ ಈಗ ಗುಣವಾಗಿದ್ದಾನೆ ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದ. ತಟ್ಟೆಯ ಅನ್ನ ಆರುತ್ತಾ ಕೂತಿತು.

ಎರಡು ದಿನ ಕಳೆದು, ಮಧ್ಯಾಹ್ನದ ನಮಾಜಿನ ಹೊತ್ತಿಗೆ, ಮುರ್ಸಿಯ ಹೆಂಡತಿ ನಈಮಾ ಬಂದಳು. ಇನ್ಸಾಫಳನ್ನು ಅವಳು ಚಿಕ್ಕಮ್ಮನನ್ನು ಕರೆಯುವ ಹಾಗೆ ಖಾಲಾ ಎಂದೇ ಕರೆಯುತ್ತಿದ್ದಳು. ಕಂಕುಳಲ್ಲಿ ತರಕಾರಿ ಚೀಲ. ಒಳಗೆ ಬಂದು ಬಾಗಿಲು ಮುಂದೆ ಮಾಡಿ, ಮೇಲಿನ ಪಾರ್ಸ್ಲಿ ಸೊಪ್ಪಿನ ಕಟ್ಟು ತೆಗೆದಿಟ್ಟು, ಅಡಿಯಿಂದ ಬೆಲ್ಟನ್ನು ಎಳೆದಳು. ಮುರ್ಸಿ ಮಲಗಿದ್ದಾನೆ, ನಾಳೆ ಸಂತೆಗೆ ಒಯ್ಯುತ್ತಾನಂತೆ ಎಂದಳು.

"ಖಾಲಾ, ನಿಜ ಹೇಳಿ. ಇದು ಇನ್ನೊಂದ್ಸಲ ಹಿಡಿಯಲ್ವಾ?"

"ಹಿಡೀಬಹುದು, ಹಿಡೀದೇ ಇರಬಹುದು. ನನ್ನ ಗಂಡಂಗಾದ್ರೆ ಕೊಡಲ್ಲ."

ನಈಮಾ ಆ ಜೋತುಬಿದ್ದ ಪಟ್ಟಿಯನ್ನು ಸವರಿದಳು.

"ವಲಿ ಮೇಲೆ ನಂಗೂ ನಂಬಿಕೆ ಇದೆ. ಆದ್ರೆ ಅವ್ರು ದಿನಾ ಬರ್ತಾರಾ ಖಾಲಾ? ಅವ್ರಿಗೂ ಇಡೀ ಊರಿದೆ. ಎಲ್ಲಿ, ಕತ್ತರಿ ಕೊಡಿ."

ಇನ್ಸಾಫ್ ಕೊಟ್ಟಳು. ನಈಮಾಳ ಸಣ್ಣ ಕೈಗೆ ಅದು ಭಾರ. ದಪ್ಪ ಪಟ್ಟಿಯ ಮೇಲೆ ಕತ್ತರಿ ಜಾರುತ್ತಿತ್ತು. ಎರಡೂ ಕೈ ಹಾಕಿ, ತುಟಿ ಕಚ್ಚಿ, ಒಂದು ಹೆಗಲನ್ನು ಕತ್ತರಿಸಿದಳು. ಇನ್ನೊಂದು ಹೆಗಲಿಗೆ ಬರುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು. ಕೊನೆಯ ತೊಡೆಪಟ್ಟಿಯನ್ನು ಇನ್ಸಾಫ್ ಬಿಗಿಯಾಗಿ ಹಿಡಿದುಕೊಟ್ಟಳು. ಮುಗಿದ ಮೇಲೆ ನಈಮಾ ಮುಖ ಒರೆಸಿಕೊಂಡು, ತಾನು ಕತ್ತರಿಸಿದ್ದೆಂದು ಗೊತ್ತಾದರೆ ಮನೆಯಲ್ಲಿ ದಿನ ಕಳೆಯುವುದು ಕಷ್ಟ, ರಿಪೇರಿಗೆ ಕೊಟ್ಟಿದ್ದೆ, ನೀವು ಕತ್ತರಿಸಿಬಿಟ್ಟಿರಿ ಎಂದು ಹೇಳುತ್ತೇನೆ, ನಿಮ್ಮ ಮೇಲೆ ಹೇಗೂ ಎಲ್ಲರಿಗೂ ಸಿಟ್ಟಿದೆ ಎಂದಳು. ಇನ್ಸಾಫಳಿಗೆ ನಗು ಬಂತು. ಎಷ್ಟೋ ತಿಂಗಳಾಗಿತ್ತು ಆ ಅಂಗಡಿಯಲ್ಲಿ ಅವಳು ನಕ್ಕು. ಹಾಗೇ ಹೇಳು ಎಂದಳು.

ಮುರ್ಸಿ ಸಂಜೆಯೇ ಬಂದ. ಈ ಸಲ ಕಿರುಚಿದ. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಮನುಷ್ಯಳಲ್ಲ ನೀನು, ಸಂತರಿಗೇ ಕತ್ತರಿ ಹಾಕಿದವಳು, ಅನ್ನ ತಂದು ಕೊಟ್ಟ ಕೈಗೇ ಹೀಗೆ ಮಾಡಿದೆ ಎಂದ. ತಾನಲ್ಲ ಎಂಬ ಮಾತು ಇನ್ಸಾಫಳ ನಾಲಗೆಯ ತುದಿಗೆ ಬಂದು ಬಂದು ಹೋಗುತ್ತಿತ್ತು. ಅವಳಂಥ ಬಾಯಿಯವಳಿಗೆ ಸುಮ್ಮನಿರುವುದು ಎಷ್ಟು ಕಷ್ಟ ಎಂಬುದು ಹಿಲ್ಮಿಗೆ ಮಾತ್ರ ಗೊತ್ತು. ಅವನು ಹಿಂದಿನಿಂದ ಅವಳ ತೋಳನ್ನು ಹಿಡಿದುಕೊಂಡಿದ್ದ. ಹೌದಪ್ಪ, ಕತ್ತರಿಸಿದೆ, ಏನೀಗ ಎಂದಳು ಅವಳು ಕೊನೆಗೆ. ಮುರ್ಸಿ ಬಾಗಿಲಿಗೆ ಉಗುಳಿ ಹೋದ.

ಬೇರೆ ದಾರಿಯಿಲ್ಲದೆ ಅವನು ಗುನೇಮ್ ಕೊಟ್ಟ ಇನ್ನೊಂದು ಹೊಸ ಬೆಲ್ಟನ್ನು ತೊಟ್ಟ. ಅದು ತೊಡೆ ಕಚ್ಚುತ್ತದೆ ಎಂದು ಈಗಲೂ ದೂರುತ್ತಾನೆ. ಇನ್ಸಾಫಳ ಜೊತೆ ಮಾತಿಲ್ಲ. ನಈಮಾ ಆಗಾಗ ಸೊಪ್ಪಿನ ಕಟ್ಟಿನಡಿ ಎರಡು ಮೀನು ಮುಚ್ಚಿ ತಂದುಕೊಟ್ಟು, ಗಂಡ ಕ್ಷೇಮವಾಗಿದ್ದಾನೆ ಎಂದು ಹೇಳಿ ಹೋಗುತ್ತಾಳೆ.

ಮತ್ತೆ ಬೇಸಿಗೆ ಬಂದಾಗ ಇನ್ಸಾಫ್ ಒಂದು ಮೇಲ್ಕಟ್ಟಿನ ಅಳತೆ ತರಲು ಕಡಲ ರಸ್ತೆಯಲ್ಲಿ ಹೋಗುತ್ತಿದ್ದಳು. ಗುನೇಮನ ಆಳುಗಳು ಕಟ್ಟಡವೊಂದರ ನೆರಳಲ್ಲಿ ಬೇಯಿಸಿದ ಅವರೆ, ಈರುಳ್ಳಿ ತಿನ್ನುತ್ತಾ ಕೂತಿದ್ದರು. ಹೊಸ ಬೆಲ್ಟುಗಳನ್ನು ಎದುರಿನ ಕಡಲ ಗೋಡೆಯ ಮೇಲೆ ಸುಡುವ ಬಿಸಿಲಿಗೆ ಹರಡಿದ್ದರು, ಅಲೆಯ ಸಿಂಪರಣೆ ಅವುಗಳ ಮೇಲೆ ಬೀಳುತ್ತಿತ್ತು. ಆಗಲೇ ಹೆಗಲ ಬಳಿ ನೀಲಿ ಮಾಸತೊಡಗಿತ್ತು. ನೀವು ನೆರಳಲ್ಲಿ ಕೂತು ಅದನ್ನು ಬಿಸಿಲಿಗೆ ಹಾಕಿದ್ದೀರಲ್ಲ, ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬಾರದೇ ಎಂದು ಅವಳು ರಸ್ತೆಯ ಆಚೆಯಿಂದಲೇ ಕೂಗಿದಳು. ಅವಳ ದನಿ ಕೇಳಿದ್ದೇ ತಡ ಇಬ್ಬರು ಎದ್ದು ಓಡಿಹೋಗಿ ಬೆಲ್ಟುಗಳನ್ನೆಲ್ಲ ಎದೆಗವಚಿಕೊಂಡು ತಂದರು. ಮಾತಿಗೆ ಬೆಲೆ ಕೊಟ್ಟಲ್ಲ, ಕತ್ತರಿಯ ಭಯಕ್ಕೆ. ಅಷ್ಟರಲ್ಲಿ ಬಸ್ಸು ಬಂತು, ಅವಳು ಹತ್ತಿದಳು. ತಿರುವಿನಲ್ಲಿ ಕಿಟಕಿಯಿಂದ ಹಿಂತಿರುಗಿ ನೋಡಿದರೆ ಅವರು ಅವನ್ನು ಒಂದೊಂದಾಗಿ ಮತ್ತೆ ಗೋಡೆಯ ಮೇಲೆ ಹರಡುತ್ತಿದ್ದರು. ಅವಳು ಟಿಕೆಟು ಕೊಡಲು ಬಂದ ಕಂಡಕ್ಟರನನ್ನು ಬೈದಳು.